ಜನವರಿ ಒಂದರಂದು ಹುಟ್ಟಿದವರು

ಅರಸೀಕೆರೆ ಸೀಮೆಯಲ್ಲಿ ಅರವತ್ತು ದಾಟಿದವರ ಆಧಾರ್ ಕಾರ್ಡು ಇಸಿದು ನೋಡಿ. ಅದೆಷ್ಟೋ ಜನ ಜನವರಿ ಒಂದರಂದೇ ಹುಟ್ಟಿರುತ್ತಾರೆ. ಗೌರಿ ಹಬ್ಬದ ಹಿಂದಿನ ದಿನ ಹುಟ್ಟಿದವಳು, ರಾಗಿ ಕಣದ ಹೊತ್ತಿಗೆ ಹುಟ್ಟಿದವನು, ಕೆರೆ ಕೋಡಿ ಬಿದ್ದ ವರ್ಷದವನು, ಎಲ್ಲರೂ ವಯಸ್ಸನ್ನು ಅಂದಾಜಿನ ಮೇಲೆ ಹೇಳಿದರು. ಕಂಪ್ಯೂಟರು ಇಸವಿ ಲೆಕ್ಕ ಹಾಕಿ ತಾರೀಕಿನ ಜಾಗಕ್ಕೆ ಜನವರಿ 1 ಕೂರಿಸಿತು. ಯಾರೂ ತಕರಾರು ತೆಗೆಯಲಿಲ್ಲ. ಹುಟ್ಟಿದ ದಿನ ಸರ್ಕಾರದ್ದೇ ಆಗಲಿ, ಫೋಟೊ ತಮ್ಮದಿದೆಯಲ್ಲ ಎಂದು ಲ್ಯಾಮಿನೇಷನ್ ಮಾಡಿಸಿಕೊಂಡು ಮನೆಗೆ ಹೋದರು.

ಗುರುತಿನ ಚೀಟಿ ಕಡ್ಡಾಯವಾಗಬೇಕೋ ಬೇಡವೋ ಎಂದು ಟೀವಿಯಲ್ಲಿ ನಡೆಯುವ ಜಗಳಕ್ಕೂ ನಮ್ಮ ಕಡೆಯ ಮಾತಿಗೂ ತಾಳೆಯಾಗುವುದೇ ಇಲ್ಲ. ಇಂಗ್ಲೆಂಡಿನಲ್ಲಿ 1950ರಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಎಂಬಾತ, ಕಾರು ತಡೆದ ಪೊಲೀಸನಿಗೆ ಚೀಟಿ ತೋರಿಸುವುದಿಲ್ಲ ಎಂದ. ಕೇಸಿನಲ್ಲಿ ಸೋತ. ಆದರೂ ಯುದ್ಧಕಾಲದ ಆ ಚೀಟಿ 1952ರಲ್ಲಿ ರದ್ದಾಯಿತು. ನಮ್ಮಲ್ಲೂ ಹಾಗೆ ಸೆಟೆದು ನಿಂತವರಿದ್ದಾರೆ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗವರಿಗೆ ವಯಸ್ಸು ಎಂಬತ್ತಾರು. ಆಧಾರ್ ಕಟ್ಟಿ ನಿಲ್ಲಿಸಿದ ನಂದನ್ ನಿಲೇಕಣಿಯೂ ಬೆಂಗಳೂರಿನವರೇ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಕ್ಕೊರಲಿನಿಂದ ಹೇಳಿದ್ದು ಪುಟ್ಟಸ್ವಾಮಿಯವರ ಅರ್ಜಿಯ ದೆಸೆಯಿಂದ. ಮರುವರ್ಷದ ತೀರ್ಪು ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಕಡ್ಡಾಯವಲ್ಲ ಎಂದಿತು. ಸರ್ಕಾರದ ಸಬ್ಸಿಡಿ, ಸವಲತ್ತಿಗೆ ಕೇಳಬಹುದು ಎಂದಿತು. ಪ್ಯಾನ್ ಜೋಡಣೆಯೊಂದನ್ನು ಬಿಟ್ಟರೆ, 'ಕೊಡಲ್ಲ' ಅನ್ನುವ ಸ್ವಾತಂತ್ರ್ಯ ಸರ್ಕಾರದಿಂದ ಏನೂ ಬೇಡದವರಿಗೆ ಉಳಿಯಿತು. ಅಕ್ಕಿ ಬೇಕಾದವರಿಗೆ ಉಳಿಯಲಿಲ್ಲ.

ಅಕ್ಕಿ ಬೇಕಾದವರು ಏನನ್ನುತ್ತಾರೆ? ಡಾಲ್‌ಬರ್ಗ್ ಸಂಸ್ಥೆಯವರು 2019ರಲ್ಲಿ ದೇಶವಿಡೀ ಕೇಳಿಸಿದಾಗ ನೂರಕ್ಕೆ 92 ಜನ ಆಧಾರ್ ಬಗ್ಗೆ ತೃಪ್ತಿಯಿದೆ ಎಂದಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೋಗುವ ಕೆಂಪು ಬಸ್ಸು ಹತ್ತಿದರೆ ಆ ತೃಪ್ತಿ ಕಣ್ಣಿಗೇ ಕಾಣುತ್ತದೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರ ಕೈಯಲ್ಲಿ ಕಾರ್ಡು ಸದಾ ಸಿದ್ಧ. ಒಮ್ಮೆ ನನ್ನ ಪಕ್ಕ ಕೂತಿದ್ದ ಅಜ್ಜಿ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಅಡಿಯಿಂದ ಕಾರ್ಡು ಎಳೆದಳು. ಮೂಲೆ ಕಿತ್ತು ಒಳಗೆ ನೀರಿಳಿದಿತ್ತು. ಮುಖದ ಮೇಲೆ ಎಲೆಯ ಹಸಿರು ಕಲೆ.

"ಯಾರ್ದಜ್ಜಿ ಇದು ಫೋಟೊ?" ಎಂದ ಕಂಡಕ್ಟರ್.

"ನಂದೇ ಕಣಪ್ಪ. ಆವಾಗ ಹಲ್ಲಿದ್ವು."

ನಗುತ್ತಾ ಶೂನ್ಯ ದರದ ಚೀಟಿ ಹರಿದುಕೊಟ್ಟ. ಇಷ್ಟೇ ನೋಡಿ. ಎದುರಿಗೊಬ್ಬ ಮನುಷ್ಯನಿದ್ದಾನೆ, ಅವನಿಗೆ ಕಣ್ಣಿದೆ, ಬಿದ್ದುಹೋದ ಹಲ್ಲಿನ ವಿಷಯ ಅವನಿಗೆ ಅರ್ಥವಾಗುತ್ತದೆ.

ಅದೇ ಅಜ್ಜಿ ನ್ಯಾಯಬೆಲೆ ಅಂಗಡಿಗೆ ಹೋದರೆ ಕಥೆ ಬೇರೆ. ಅಲ್ಲಿ ಕಾರ್ಡಿಗಿಂತ 'ತಂಬು', ಅಂದರೆ ಮಿಷನ್ನಿಗೆ ಒತ್ತುವ ಹೆಬ್ಬೆಟ್ಟು, ಮುಖ್ಯ. ನಮ್ಮದು ತೆಂಗಿನ ಸೀಮೆ. ಜೀವಮಾನವೆಲ್ಲ ಕಾಯಿ ಸುಲಿದ, ಗರಿ ಹೆಣೆದ, ಕಸಬರಿಕೆಗೆ ಕಡ್ಡಿ ಸೀಳಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ, ತಲೆಯ ಎಣ್ಣೆಗೆ ಸವರಿ, ಮತ್ತೆ ಒತ್ತುತ್ತಾರೆ. ಹೆಬ್ಬೆಟ್ಟಾಯಿತು, ತೋರುಬೆರಳಾಯಿತು, ಎಡಗೈಯಾಯಿತು, ಸರ್ವರ್ ಇಲ್ಲ, ನಾಳೆ ಬನ್ನಿ. ಬೆರಳು ಕೂಡದಿದ್ದರೂ ರೇಷನ್ ನಿಲ್ಲಿಸಬಾರದು ಎಂದು 2017ರ ಅಕ್ಟೋಬರಿನಲ್ಲೇ ಆಧಾರ್ ಪ್ರಾಧಿಕಾರ ಸುತ್ತೋಲೆ ಕಳಿಸಿದೆ. ಅಜ್ಜಿಗೆ ಸುತ್ತೋಲೆ ಗೊತ್ತಿಲ್ಲ, ಮಿಷನ್ನಿಗೂ ಗೊತ್ತಿಲ್ಲ.

ಅದೇ ಕೆಂಪು ಬಸ್ಸು ಮುಟ್ಟುವ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ಪೀಠದ ಮೇಲೆ ಸಣ್ಣಗೆ ಅಕ್ಷರ ಕೊರೆದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಊರು, ಅಪ್ಪ, ಬಿರುದು ಎಲ್ಲ ಸೇರಿಸಿ ತಮ್ಮ ಗುರುತನ್ನು ತಾವೇ ಬರೆದುಕೊಂಡ ಶಿಲ್ಪಿಗಳು. ಅದನ್ನು ನೋಡಿ, ಹನ್ನೆರಡಂಕಿಯ ನಮಗಿಂತ ಹನ್ನೆರಡನೇ ಶತಮಾನದವರೇ ವಾಸಿ ಎಂದು ನಿಟ್ಟುಸಿರು ಬಿಡುವುದು ಸುಲಭ, ನಾನೂ ಬಿಟ್ಟಿದ್ದೇನೆ. ಆದರೆ ಆ ಬಳಪದ ಕಲ್ಲನ್ನು ಗಣಿಯಿಂದ ಎಬ್ಬಿ, ಎಳೆದು ತಂದವರ ಹೆಸರು ಯಾವ ಪೀಠದ ಮೇಲೂ ಇಲ್ಲ. ಬರೆದುಕೊಳ್ಳಲು ಉಳಿ ಇದ್ದವನಿಗೆ ಗುರುತು ಸಿಕ್ಕಿತು. ಲ್ಯಾಮಿನೇಷನ್ನಿನ ಮೇಲೆ ನಮ್ಮ ಹಳ್ಳಿಯವರಿಗಿರುವ ಆಸೆಯನ್ನು ಪೇಟೆಯ ವಿದ್ಯಾವಂತರು ಆಡಿಕೊಳ್ಳುವಾಗ ನನಗೆ ಈ ಕಲ್ಲು ಎಳೆದವರು ನೆನಪಾಗುತ್ತಾರೆ.

ಇನ್ನು ತಂಬಿನ ಮೇಲೆ ನಮ್ಮವರಿಗೆ ಸಿಟ್ಟೇ ಸಿಟ್ಟು ಅಂದುಕೊಳ್ಳಬೇಡಿ. 2024ರಲ್ಲಿ ನಾಫೆಡ್ ಕ್ವಿಂಟಲಿಗೆ 12,000 ರೂಪಾಯಿಯಂತೆ ಉಂಡೆ ಕೊಬ್ಬರಿ ಕೊಳ್ಳುತ್ತದೆ ಎಂದಾಗ ಅರಸೀಕೆರೆ, ತಿಪಟೂರು ಕಡೆಯ ರೈತರು ನೋಂದಣಿಗೆ ರಾತ್ರಿಯಿಡೀ ಸಾಲು ನಿಂತರು. ಅಕ್ರಮ ನಡೆದಿದೆಯೆಂದು ಗಲಾಟೆಯಾಗಿ ಫೆಬ್ರವರಿಯ ನೋಂದಣಿಯೇ ರದ್ದಾಯಿತು. ಮಾರ್ಚಿನಲ್ಲಿ ಹೊಸದಾಗಿ, ಈ ಸಲ ಬೆರಳಚ್ಚು ಇಟ್ಟು ಮಾಡಿದರು. ರೇಷನ್ ಅಂಗಡಿಯ ಮುಂದೆ ಆ ಮಿಷನ್ನಿಗೆ ಶಾಪ ಹಾಕುತ್ತಿದ್ದವರೇ ಇಲ್ಲಿ ಅದನ್ನು ಮೆಚ್ಚಿಕೊಂಡರು. ಪರಿಚಯದ ರೈತರೊಬ್ಬರನ್ನು ಇದೇನು ಹೀಗೆ ಎಂದು ಕೇಳಿದೆ.

"ತಂಬ್ ಇಲ್ದಿದ್ರೆ ನನ್ ಹೆಸ್ರಲ್ಲಿ ಇನ್ಯಾರೋ ಕೊಬ್ರಿ ಮಾರ್ಕಂಡಿರೋರು, ಸ್ವಾಮಿ."

"ಹಂಗಾದ್ರೆ ಎಲ್ಲಾ ಕಡೆ ಕಡ್ಡಾಯ ಮಾಡ್ಲಾ?"

ಅವರು ಸ್ವಲ್ಪ ಯೋಚಿಸಿದರು. "ಮಾಡ್ಲಿ. ಮಿಷನ್ ಕೈ ಕೊಟ್ರೆ ಬರ್ಕಳಕ್ಕೆ ಒಂದು ಪುಸ್ತಕ ಇಡ್ಲಿ. ಆ ಪುಸ್ತಕದ ಮುಂದೆ ಕೂರಕ್ಕೆ ಒಬ್ಬ ಮನುಷ್ಯನ್ನೂ ಇಡ್ಲಿ."