ಬಿಸಿಲ್ಗುದುರೆಯೂ ಚಿಗರಿಯೂ

ಬೇಸಿಗೆಯ ನಡುಹಗಲಿನಲ್ಲಿ ಬಯಲ ಮೇಲೆ ನೀರಿನಂತೆ ತೋರಿ ಕಣ್ಣನ್ನು ವಂಚಿಸುವ ಹೊಳಪಿಗೆ ಸಂಸ್ಕೃತದಲ್ಲಿ ಮೃಗತೃಷ್ಣೆಯೆಂದೂ ನಮ್ಮ ನುಡಿಯಲ್ಲಿ ಬಿಸಿಲ್ಗುದುರೆಯೆಂದೂ ಹೆಸರು. ಬಾಯಾರಿದ ಜಿಂಕೆಯು ಇದನ್ನು ನೀರೆಂದು ನಂಬಿ ಓಡೋಡಿ ಬಳಲುವುದೆಂದು ಕವಿಗಳು ಹೇಳುತ್ತ ಬಂದಿರುವರು. ವೇದಾಂತಿಗಳು ಅದನ್ನೇ ಸಂಸಾರಭ್ರಾಂತಿಗೆ ಉಪಮಾನವಾಗಿ ಹಿಡಿದಿರುವರು. ಉಪಮಾನವು ಸೊಗಸಾದುದೇ ಸರಿ. ಆದರೆ ಯಲಬುರ್ಗಿ, ಕುಷ್ಟಗಿಗಳ ಎರೆಹೊಲಗಳಲ್ಲಿ ವೈಶಾಖದ ಮಧ್ಯಾಹ್ನವನ್ನು ಕಂಡವರಿಗೆ ಒಂದು ಸಂದೇಹವು ಹುಟ್ಟದಿರದು. ಆ ಹೊತ್ತಿನಲ್ಲಿ ಬಿಸಿಲ್ಗುದುರೆಯು ಓಡುವುದು ನಿಜ. ಜಿಂಕೆಯು ಮಾತ್ರ ಓಡುವುದಿಲ್ಲ.

ನಮ್ಮ ಸೀಮೆಯಲ್ಲಿ ಚಿಗರಿಯೆಂದು ಕರೆಯುವ ಪ್ರಾಣಿಯೇ ಗ್ರಂಥಗಳ ಕೃಷ್ಣಮೃಗ. ಮಾತಿಗೆ ಜಿಂಕೆಯೆಂದರೂ ಶಾಸ್ತ್ರಜ್ಞರ ಲೆಕ್ಕದಲ್ಲಿ ಇದು ಜಿಂಕೆಯ ಕುಲದ್ದಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುವುದು. ಚಿಗರಿಯ ತಿರುಚಿದ ಕೊಂಬು ಬಾಳಿನುದ್ದಕ್ಕೂ ನಿಲ್ಲುವುದು. ಕಾಡಿನ ಜಿಂಕೆಗೆ ಮರಗಳ ನೆರಳುಂಟು. ಇದಕ್ಕೆ ಬಟ್ಟಬಯಲೇ ಮನೆ. ಇದು ಹಗಲಿನಲ್ಲಿ ಮೇದು ತಿರುಗುವ ಪ್ರಾಣಿಯಾದುದರಿಂದ ಬಿಸಿಲಿನೊಡನೆ ಹೇಗಾದರೂ ಒಪ್ಪಂದ ಮಾಡಿಕೊಳ್ಳಲೇಬೇಕು.

ಆ ಒಪ್ಪಂದವನ್ನು ನಾನು ಬದುವಿನ ಬೇವಿನಡಿಯಲ್ಲಿ ಕುಳಿತು ಹಲವು ದಿನ ನೋಡಿದ್ದೇನೆ. ಮೂಡಣವು ಕೆಂಪಾಗುವ ಮೊದಲೇ ಹಿಂಡು ಮೇಯತೊಡಗುವುದು. ಹೊತ್ತೇರಿದಂತೆ ಬಾಯಿ ನಿಧಾನವಾಗುವುದು. ಹನ್ನೊಂದರ ಹೊತ್ತಿಗೆ ಒಂದೊಂದಾಗಿ ಹಳ್ಳದ ದಂಡೆಯ ಜಾಲಿಗಳ ಕಡೆಗೆ ಸರಿದು, ಸಿಕ್ಕಷ್ಟು ನೆರಳಿನಲ್ಲಿ ಮಲಗಿ ಮೆಲುಕು ಹಾಕುವುವು. ಕಿವಿಗಳು ಆಡುವುದನ್ನು ಬಿಟ್ಟರೆ ಬೇರೆ ಚಲನೆಯಿಲ್ಲ. ನಾಲ್ಕು ಗಂಟೆ ಕಳೆದ ಬಳಿಕ ಎದ್ದು, ನೀರಿರುವ ಕಡೆಗೆ ಹೋಗಿ, ಕತ್ತಲಾಗುವವರೆಗೂ ಮತ್ತೆ ಮೇಯುವುವು. ಚಳಿಗಾಲದಲ್ಲಾದರೆ ಇವೇ ನಡುಹಗಲಿನಲ್ಲಿಯೂ ನಿಶ್ಚಿಂತೆಯಾಗಿ ಮೇಯುತ್ತಿರುವುವು.

ಇದನ್ನು ಆಲಸ್ಯವೆನ್ನಲಾಗದು. ಇಂತಹ ಪ್ರಾಣಿಗಳ ಮೈಯ ಬಿಸಿ ಸುಮಾರು 38-39 ಡಿಗ್ರಿ. ಗಾಳಿಯು ಅದಕ್ಕಿಂತ ತಂಪಾಗಿದ್ದರೆ ಮೈಯ ಕಾವು ಹೊರಕ್ಕೆ ಹೋಗುವುದು. ಮೇ ತಿಂಗಳಲ್ಲಿ ನಮ್ಮಲ್ಲಿ ಗಾಳಿಯೇ 40 ಡಿಗ್ರಿಯನ್ನು ಮುಟ್ಟುವಾಗ ಕಾವು ಒಳಕ್ಕೆ ನುಗ್ಗುವುದು. ಆಗ ಉಳಿಯುವ ಉಪಾಯವೊಂದೇ: ಏದುಸಿರು ಬಿಟ್ಟು, ಉಸಿರಿನೊಡನೆ ಮೈಯ ನೀರನ್ನು ಆವಿಯಾಗಿಸುವುದು. ನೀರೇ ದುರ್ಲಭವಾದ ಕಾಲದಲ್ಲಿ ನೀರನ್ನು ವೆಚ್ಚಮಾಡಿ ತಂಪನ್ನು ಕೊಳ್ಳುವುದೆಂದರೆ ಬಡವನು ಸಾಲ ಮಾಡಿದಂತೆಯೇ. ಆದುದರಿಂದ ಕಾವನ್ನು ಹುಟ್ಟಿಸದೆ ಸುಮ್ಮನಿರುವುದೇ ಜಾಣತನ. ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ಓಡಬಲ್ಲ ಪ್ರಾಣಿಯು ಓಡದೆ ಇರುವುದನ್ನೂ ಕಲಿತಿದೆ.

ಹೀಗಿರುವಾಗ ನಡುಹಗಲಿನಲ್ಲಿ ಅದನ್ನು ಓಡಿಸುವವರು ಮೃಗತೃಷ್ಣೆಗಿಂತ ಕ್ರೂರರು. ಊರ ನಾಯಿಗಳು ಬೆನ್ನಟ್ಟುವುದುಂಟು; ಮೋಟಾರು ಸೈಕಲ್ಲಿನ ಹುಡುಗರು ವಿನೋದಕ್ಕಾಗಿ ಅಟ್ಟುವುದನ್ನೂ ಕಂಡಿದ್ದೇನೆ. ಒಮ್ಮೆ ಹಿರಿಯ ರೈತರೊಬ್ಬರು ಅಂಥವರನ್ನು ತಡೆದು, "ಬಿಸಲಾಗ ಓಡಸಬ್ಯಾಡ್ರೋ ತಮ್ಮಾ, ಎದಿ ಒಡದು ಸಾಯ್ತಾವು" ಎಂದರು. ಅದೇ ರೈತರು ಸ್ವಲ್ಪ ಹೊತ್ತಿನ ಮೇಲೆ ನನ್ನೊಡನೆ, "ಮಳಿ ಆಗ್ಲಿ, ಆವಾಗ ನೋಡ್ರಿ, ಹೆಸರಿನ ಮೊಳಕಿ ಒಂದೂ ಉಳಸೂದಿಲ್ರಿ ಇವು" ಎಂದು ನಿಟ್ಟುಸಿರಿಟ್ಟರು. ಎರಡು ಮಾತುಗಳೂ ನಿಜವೇ.

ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯು ಬತ್ತದ ಸೀಮೆಯಾಯಿತು. ಮಳೆಯನ್ನೇ ನಂಬಿದ ಯಲಬುರ್ಗಿ, ಕುಷ್ಟಗಿಗಳ ಹೊಲದವನು ಚಿಗರಿಯ ಪಾಲನ್ನೂ ತಾನೇ ತೆರಬೇಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಪ್ರಾಣಿಯನ್ನು ಕೊಲ್ಲುವುದನ್ನು ನಿಷೇಧಿಸಿದೆ, ಅದು ಯುಕ್ತವೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿಯೇ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಯಲಬುರ್ಗಿಯ ಕಡೆಯ ರೈತರು ಕೇಳುತ್ತ ಬಂದಿರುವ ಜಿಂಕೆವನವೂ ಇಂತಹುದೇ ಒಂದು ನೆಲೆ. ಮೇವು, ನೀರು, ನೆರಳು ಮೂರೂ ಒಂದೆಡೆ ದೊರೆತರೆ ಹಿಂಡಿಗೆ ಹೊಲದ ಹಂಗು ಕಡಿಮೆಯಾದೀತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1-30ರ ವರೆಗೆ ಎಂದು ಬದಲಿಸುವ ರೂಢಿಯುಂಟು. ಹೊಲದ ಕೂಲಿಯವರೂ ನಸುಕಿನಲ್ಲಿ ದುಡಿದು ಬಿಸಿಲೇರುವ ಮೊದಲೇ ಮನೆ ಸೇರುವರು. ಮನುಷ್ಯನು ಆದೇಶದಿಂದಲೂ ಅನುಭವದಿಂದಲೂ ಪಡೆಯುವ ವಿಶ್ರಾಂತಿಯನ್ನು ಚಿಗರಿಯು ಒಂದು ಜಾಲಿಯ ಕೆಳಗೆ ಪಡೆಯುತ್ತಿದೆ. ಹಳ್ಳದ ದಂಡೆಯ ಬನ್ನಿಯನ್ನೂ ಜಾಲಿಯನ್ನೂ ಸೌದೆಗಾಗಿ ಕಡಿಯುವ ಮುನ್ನ, ಮಧ್ಯಾಹ್ನ ಅದರಡಿಯಲ್ಲಿ ಯಾರು ಮಲಗುವರೆಂದು ಒಮ್ಮೆ ಹೋಗಿ ನೋಡಿ ಬರುವುದು ಮೇಲೆಂದು ವಾಚಕರಲ್ಲಿ ನನ್ನ ಬಿನ್ನಹ. ಆದರೆ ದೂರದಿಂದಲೇ ನೋಡಬೇಕು, ಅವು ಏಳುವಂತಾಗಬಾರದು.