ಗಾಂಧಿ ಬಜಾರಿನ ಗುರುವಾರ

ಬೆಂಗಳೂರಿನ ಬಸವನಗುಡಿ, 1898ರ ಪ್ಲೇಗು ನಗರವನ್ನು ನಡುಗಿಸಿದ ಮೇಲೆ ಬೆಳೆದ ಬಡಾವಣೆ. ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಸಂಸಾರಗಳು ಗಾಳಿ ಬೆಳಕುಗಳಿಗೆ ಅವಕಾಶವಿದ್ದ ಇಲ್ಲಿನ ಬೀದಿಗಳಲ್ಲಿ ಮನೆ ಕಟ್ಟಿಕೊಂಡುವು. ಬಡಾವಣೆಗೆ ಹೆಸರು ಬಂದುದು ಗುಡ್ಡದ ಮೇಲಿನ ದೊಡ್ಡ ಬಸವಣ್ಣನಿಂದ. ಆದರೆ ಅದರ ನಿತ್ಯಜೀವನ ನಡೆಯುವುದು ಗಾಂಧಿ ಬಜಾರಿನಿಂದ. ಹೂವು, ಹಣ್ಣು, ತರಕಾರಿ, ಗ್ರಂಥಿಗೆ ಸಾಮಾನು, ಪುಸ್ತಕ, ಬಳೆ, ಬಟ್ಟೆ—ಒಂದು ಸಂಸಾರಕ್ಕೆ ಬೇಕಾದುದೆಲ್ಲ ಈ ಒಂದೇ ಬೀದಿಯಲ್ಲಿ ದೊರೆಯುತ್ತದೆಂದು ಹಳೆಯ ನಿವಾಸಿಗಳು ಹೆಮ್ಮೆಯಿಂದ ಹೇಳುವುದುಂಟು.

ಈ ಬೀದಿಯನ್ನು ಪೂರ್ಣ ವೈಭವದಲ್ಲಿ ಕಾಣಬೇಕೆನ್ನುವವರು ವರಮಹಾಲಕ್ಷ್ಮೀ ಹಬ್ಬದ ಹಿಂದಿನ ಗುರುವಾರ ಸಂಜೆ ಬರಬೇಕು. ರಾಶಿ ಹಾಕಿದ ಸೇವಂತಿಗೆ, ನೀರು ಚಿಮುಕಿಸಿದ ತಾವರೆಯ ಮೊಗ್ಗು, ಕೇದಗೆಯ ಗರಿ, ಜೋಡಿ ಜೋಡಿಯಾಗಿ ಒರಗಿಸಿಟ್ಟ ಬಾಳೆಕಂದು, ಮಾವಿನ ಸೊಪ್ಪಿನ ಕಟ್ಟು—ಇವುಗಳ ನಡುವೆ ನಡೆಯಲು ಉಳಿಯುವ ದಾರಿ ಒಂದು ಗೇಣು. ಕಲಶಕ್ಕೆ ಇಡುವ ದೇವಿಯ ಮುಖವಾಡಗಳು ಅಂಗಡಿಯ ದೀಪದಲ್ಲಿ ಮಿನುಗುತ್ತವೆ. ಕಲಶಕ್ಕೆ ಉಡಿಸಲು ನೆರಿಗೆ ಹಿಡಿದು ಹೊಲಿದ ಪುಟ್ಟ ಸೀರೆಗಳೂ ಈಗ ಸಿದ್ಧವಾಗಿ ಬರುತ್ತವೆ. ಮೊದಲು ಮನೆಯ ಹಿರಿಯಾಕೆ ಗಂಟೆಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸವದು.

ಹೆಗಲಿಗೆ ಕಚೇರಿಯ ಚೀಲ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬರುವ ತಾಯಂದಿರನ್ನು ಇಲ್ಲಿ ನೂರಾರು ಸಂಖ್ಯೆಯಲ್ಲಿ ಕಾಣಬಹುದು. 2017ರಿಂದ ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ರೈಲು ನಿಲ್ಲುತ್ತಿರುವುದರಿಂದ, ದೂರದ ಕಚೇರಿಗಳಿಂದಲೂ ನೇರವಾಗಿ ಬಜಾರಿಗೆ ಬರುವವರುಂಟು. ಹೂವಿನ ಬುಟ್ಟಿಗಳ ಮುಂದೆ ಕೇಳಿಬರುವ ಸಂಭಾಷಣೆ ಹೆಚ್ಚುಕಡಿಮೆ ಒಂದೇ ತೆರನಾದುದು:

“ಮಲ್ಲಿಗೆ ಮೊಳ ಎಷ್ಟಮ್ಮ?... ಅಷ್ಟೊಂದೇ?”

“ನಿನ್ನೆ ಬಂದಿದ್ರೆ ಅರ್ಧಕ್ಕೆ ಕೊಡ್ತಿದ್ದೆ, ಅಕ್ಕ. ಇವತ್ತು ಮಾರ್ಕೆಟ್‌ನಲ್ಲೇ ಹಾಗಿದೆ.”

“ನಿನ್ನೆ ಆಫೀಸು ಬಿಟ್ಟಾಗ ಎಂಟು ಗಂಟೆ, ಕಣಮ್ಮ.”

ಇಬ್ಬರ ಮಾತೂ ನಿಜ. 1928ರ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮುನ್ನ ಏರಿದ ದರ ಸಂಜೆಗೆ ಗಾಂಧಿ ಬಜಾರಿನ ಬುಟ್ಟಿಗೆ ಇಳಿದು ಬಂದಿರುತ್ತದೆ. ಕಚೇರಿಯ ಗಡಿಯಾರವೂ ಹಬ್ಬಕ್ಕಾಗಿ ತನ್ನ ಮುಳ್ಳನ್ನು ಹಿಂದೆ ಸರಿಸುವುದಿಲ್ಲ.

ಪಂಚಾಂಗ ಮತ್ತು ಕಚೇರಿ

ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಈ ವ್ರತ. ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದುದರಿಂದ ಹಬ್ಬದ ದಿನಾಂಕ ನಿಲ್ಲುವುದಿಲ್ಲ. ಅಧಿಕ ಶ್ರಾವಣ ಬಂದ 2023ರಲ್ಲಿ ಅದು ಆಗಸ್ಟ್ 25ರಂದು ಬಿತ್ತು. 2024ರಲ್ಲಿ 16ಕ್ಕೂ 2025ರಲ್ಲಿ 8ಕ್ಕೂ ಹಿಂದೆ ಸರಿಯಿತು. ವಾರ ಮಾತ್ರ ಬದಲಾಗದು—ಶುಕ್ರವಾರ, ಅಂದರೆ ಕೆಲಸದ ದಿನ. ಸರ್ಕಾರದ ಪಟ್ಟಿಯಲ್ಲಿ ಇದು ಸಾರ್ವತ್ರಿಕ ರಜೆಯಲ್ಲ, ಬೇಕಾದವರು ಕೇಳಿ ಪಡೆಯಬೇಕಾದ ಪರಿಮಿತ ರಜೆ. 2024ರಲ್ಲಿ ಮುನ್ನಾದಿನವೇ ಸ್ವಾತಂತ್ರ್ಯ ದಿನದ ರಜೆ ದೊರೆತುದನ್ನು ದೇವಿಯ ಮೊದಲ ವರವೆಂದೇ ಎಣಿಸಬೇಕು!

ಕೂಡು ಕುಟುಂಬದಲ್ಲಿ ಅತ್ತೆ ಮಡಿಯ ಅಡಿಗೆಯನ್ನೂ, ಓರಗಿತ್ತಿ ಮಂಟಪದ ಅಲಂಕಾರವನ್ನೂ, ನಾದಿನಿ ಅರಿಶಿನ ಕುಂಕುಮಕ್ಕೆ ಕರೆಯುವ ಕೆಲಸವನ್ನೂ ಹಂಚಿಕೊಳ್ಳುತ್ತಿದ್ದರು. ಹಬ್ಬದ ವಿಧಿಗಳು ರೂಪುಗೊಂಡುದು ಆ ಹತ್ತು ಕೈಗಳ ಲೆಕ್ಕದಲ್ಲಿ. ಕೈಗಳು ಎರಡಾದರೂ ವಿಧಿಗಳು ಹತ್ತಾಗಿಯೇ ಉಳಿದಿವೆ.

ಬಾಡುವ ಕ್ರಮ

ಬಜಾರನ್ನು ಚೆನ್ನಾಗಿ ಬಲ್ಲ ಗೃಹಿಣಿಯರು ಗುರುವಾರದ ನೂಕುನುಗ್ಗಲಿನಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಳ್ಳುವುದಿಲ್ಲ. ಅವರು ಸಾಮಾನು ಕೊಳ್ಳುವುದು ಬಾಡುವ ಕ್ರಮದಲ್ಲಿ. ಕೆಡದ ವಸ್ತುಗಳಾದ ಅರಿಶಿನ, ಕುಂಕುಮ, ರವಿಕೆಯ ಕಣ, ಬಳೆ, ಬೇಳೆ, ಬೆಲ್ಲ, ಒಂಬತ್ತು ಗಂಟಿನ ದಾರಕ್ಕೆ ಬೇಕಾದ ನೂಲು ಹಿಂದಿನ ಭಾನುವಾರವೇ ಮನೆ ಸೇರುತ್ತವೆ. ಎರಡು ದಿನ ತಾಳುವ ತೆಂಗಿನಕಾಯಿ, ವೀಳ್ಯದೆಲೆ, ಸ್ವಲ್ಪ ಗಟ್ಟಿಯಾದ ಬಾಳೆಹಣ್ಣು ಮಂಗಳವಾರವೋ ಬುಧವಾರವೋ ಬರುತ್ತವೆ. ಗುರುವಾರಕ್ಕೆ ಉಳಿಯುವುದು ಹೂವು ಮತ್ತು ಮಾವಿನ ಸೊಪ್ಪು ಮಾತ್ರ. ಇಷ್ಟಾದರೆ ಚೀಲವೂ ಹಗುರ, ಮನಸ್ಸೂ ಹಗುರ.

ಮುಂಜಾನೆಯ ಫಲಾಹಾರದ ಚಿಂತೆಯನ್ನೂ ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಇದೇ ಬೀದಿಯಲ್ಲಿ 1943ರಿಂದ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನಕ್ಕೆ ಬಹುಕಾಲದಿಂದ ಶುಕ್ರವಾರವೇ ವಾರದ ರಜೆ!

ಆದರೆ ಯಾವ ಅಂಗಡಿಯಲ್ಲಿಯೂ ದೊರೆಯದ ವಸ್ತು ಒಂದಿದೆ. ಅದು ಮನೆಯವರ ನೆರವು. ಚೀಟಿ ಹಿಡಿದು ಬರುವ ಯಜಮಾನರು ಬಜಾರಿನಲ್ಲಿ ಕಡಿಮೆಯೇನಿಲ್ಲ. “ಬಾಳೆ” ಎಂದಷ್ಟೇ ಬರೆದಿದ್ದರೆ ಅವರು ಎಲೆ ಒಯ್ಯುತ್ತಾರೆ. ಕಂದಿಗಾಗಿ ಮತ್ತೊಮ್ಮೆ ಬರುತ್ತಾರೆ. ನಡುವೆ ಮನೆಗೆ ಮೂರು ದೂರವಾಣಿ ಕರೆಗಳು. ನಗುವುದು ಸುಲಭ, ತಪ್ಪು ಮಾತ್ರ ಪೂರ್ತಿಯಾಗಿ ಅವರದಲ್ಲ. ಹಬ್ಬದ ಪಟ್ಟಿ ವರ್ಷಗಳಿಂದ ಒಬ್ಬಾಕೆಯ ತಲೆಯಲ್ಲಿಯೇ ಇದ್ದು ಬಂದಿದೆ. ತಲೆಯಲ್ಲಿರುವ ಕೆಲಸವನ್ನು ಹಂಚಲಾಗದು. ಕಾಗದಕ್ಕೆ ಇಳಿದ ಕೆಲಸವನ್ನು ಹಂಚಬಹುದು. ಯಾರು, ಯಾವಾಗ, ಏನು ತರಬೇಕೆಂದು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದ ಮನೆಯಲ್ಲಿ ಹತ್ತು ವರ್ಷದ ಹುಡುಗನೂ ತೋರಣ ಕಟ್ಟುವ ಹೊಣೆ ಹೊರುತ್ತಾನೆ.

ಬಜಾರು ನೀಡಿದ ಕೈ

ಕೊಂಡು ತರುವುದರಲ್ಲಿ ಸಂಕೋಚಪಡಬೇಕಾದ ಕಾರಣವೂ ಇಲ್ಲ. ಸುಬ್ಬಮ್ಮ ಎಂಬ ಮಹಿಳೆ 1948ರಲ್ಲಿ ಇದೇ ಬಜಾರಿನಲ್ಲಿ ಅಂಗಡಿ ತೆರೆದು ಹಪ್ಪಳದಂತಹ ತಿನಿಸುಗಳಿಂದ ಹೆಸರಾದರು. ಸುಬ್ಬಮ್ಮನ ಅಂಗಡಿ ಇಂದಿಗೂ ಬಸವನಗುಡಿಯ ಮನೆಮಾತು. ದುಡಿಯಬೇಕಾಗಿ ಬಂದ ಒಬ್ಬ ಹೆಣ್ಣಿನ ಕೈ, ದುಡಿಯುವ ಅನೇಕ ಹೆಣ್ಣುಮಕ್ಕಳಿಗೆ ಮೂರನೆಯ ಕೈಯಾಯಿತು. ಒಬ್ಬಟ್ಟನ್ನು ಕೊಂಡು ತಂದು, ಪಾಯಸವನ್ನಷ್ಟೇ ಮನೆಯಲ್ಲಿ ಮಾಡಿದರೆ ದೇವಿ ಮುನಿಯಳು.

ವ್ರತದ ಕಥೆಯೇ ಇದಕ್ಕೆ ಸಾಕ್ಷಿ. ಕುಂಡಿನಪುರದ ಚಾರುಮತಿ ಕನಸಿನಲ್ಲಿ ದೇವಿಯ ಅಪ್ಪಣೆ ಪಡೆದವಳು, ಅದನ್ನು ಗುಟ್ಟಾಗಿಟ್ಟುಕೊಂಡು ಒಬ್ಬಳೇ ಬಳಲಲಿಲ್ಲ. ಪತಿಗೂ ಅತ್ತೆ ಮಾವಂದಿರಿಗೂ ತಿಳಿಸಿದಳು. ಊರಿನ ಸ್ತ್ರೀಯರೊಡನೆ ಕೂಡಿ ಪೂಜಿಸಿದಳು. ವರ ದೊರೆತುದೂ ಎಲ್ಲರಿಗೆ. ಸಂಜೆಯ ಆರತಿಯ ವೇಳೆಗೆ ಗೃಹಿಣಿಯೊಬ್ಬಳೇ ನಿಲ್ಲಲಾರದಷ್ಟು ದಣಿದಿದ್ದರೆ, ಮಂಟಪ ಎಷ್ಟೇ ಸುಂದರವಾಗಿರಲಿ, ಆ ಮನೆ ಚಾರುಮತಿಯ ಕಥೆಯನ್ನು ಕೇಳಿತೇ ಹೊರತು ತಿಳಿಯಲಿಲ್ಲ.

ರಾತ್ರಿ ಹತ್ತು ದಾಟಿದ ಮೇಲೂ ಬಜಾರು ಮಲಗುವುದಿಲ್ಲ. ಹೂ ಕಟ್ಟುತ್ತ ಕುಳಿತ ಹೆಂಗಸರ ಮಡಿಲ ಬಳಿ ಅವರ ಮಕ್ಕಳು ಚೀಲಗಳ ಮೇಲೆಯೇ ನಿದ್ದೆಹೋಗಿರುತ್ತವೆ. ಇಡೀ ಬಡಾವಣೆಯ ಹಬ್ಬವನ್ನು ಸಜ್ಜುಗೊಳಿಸುವ ಇವರೂ ದುಡಿಯುವ ತಾಯಂದಿರೇ. ಇವರ ಮನೆಯ ಕಲಶಕ್ಕೆ ಹೂವು ಏರುವುದು ಶುಕ್ರವಾರ ಕೊನೆಯ ಮೊಳ ಮಾರಿದ ಬಳಿಕ. ಹತ್ತು ರೂಪಾಯಿಗಾಗಿ ಚೌಕಾಶಿ ಮಾಡುವ ಮುನ್ನ ಇದನ್ನೂ ಪಟ್ಟಿಯಲ್ಲಿ ಬರೆದುಕೊಂಡರೆ ಒಳ್ಳೆಯದು.