ಗೆರೆ ಬಾವಿಯ ಮೇಲೆ ಬಂದಿದೆ

ಪುಣೆ ಬಳಿಯ ಚಾಕಣದ ತಳೇಗಾವ್ ಚೌಕದಲ್ಲಿ ನಿಂತಿದ್ದೀರಿ. 2021ರ ಆಗಸ್ಟ್, ಮಳೆ ಈಗಷ್ಟೇ ಬಿಟ್ಟಿದೆ. ಹೊಸ ಕಾರುಗಳನ್ನು ಎರಡಂತಸ್ತಿನಲ್ಲಿ ಹೊತ್ತ ಟ್ರೇಲರ್‌ಗಳು ಪುಣೆ–ನಾಸಿಕ್ ಹೆದ್ದಾರಿಗೆ ಹೊರಳಲು ಕಾಯುತ್ತಿವೆ. ಅವುಗಳ ಸಂದಿಯಲ್ಲೇ ನುಸುಳುವ ಟೆಂಪೊಗಳಲ್ಲಿ ಈರುಳ್ಳಿ ಚೀಲ. ನೀವು ಬೈಕ್ ತಿರುಗಿಸಿ ಕಂಪನಿಗಳ ಕಾಂಪೌಂಡ್ ಗೋಡೆಗಳ ಪಕ್ಕದಲ್ಲೇ ಸಾಗುತ್ತೀರಿ. ಗೋಡೆ ಮುಗಿದಲ್ಲಿ ಸೋಯಾಬೀನ್ ಹೊಲ ಶುರು.

ಅದು ನಿಮ್ಮ ಸೋದರತ್ತೆಯ ಹೊಲ ಎಂದುಕೊಳ್ಳಿ. ಇಂಡಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ತೀರಿಕೊಂಡಿದ್ದಾರೆ, ಎರಡು ಎಕರೆ ಉಳಿದಿದೆ. ಹೆಸರು ಬೇಡ, ಗಟ್ ನಂಬರೂ (ಇಲ್ಲಿನ ಸರ್ವೆ ನಂಬರ್) ಬೇಡ. ನಾಣೇಕರವಾಡಿ, ಕುರುಳಿ, ಮಹಾಳುಂಗೆ, ಭೋಸೆ ಎಂದು ಹರಡಿಕೊಂಡ ಈ ಸೀಮೆಯಲ್ಲಿ ಇಂಥ ಅತ್ತೆಯರು ಬಹಳ. ಓದುಬರಹ ಬಲ್ಲ ಅಳಿಯ ಎಂದು ನಿಮ್ಮನ್ನು ಕರೆಸಿದ್ದಾರೆ. ಬದುವಿನ ಮೇಲೆ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ:

"ಗೆರಿ ನಮ್ಮ ಬಾವಿ ಮ್ಯಾಲ ಬಂದೈತಿ ಅಂತಾರ, ತಮ್ಮಾ. ಯಾರೂ ಹೊಲಕ್ಕ ಬಂದು ನೋಡೇ ಇಲ್ಲ."

ಫೋನಿನಲ್ಲಿ ಯಾರೋ ಕಳಿಸಿದ ನಕ್ಷೆಯ ಚಿತ್ರವಿದೆ. ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಪ್ರಕಟಿಸಿದ ಕರಡು ಅಭಿವೃದ್ಧಿ ಯೋಜನೆ ಅದು. ಎಂಟು ನೂರಕ್ಕೂ ಹೆಚ್ಚು ಹಳ್ಳಿಗಳ ಮೇಲೆ ಒಮ್ಮೆಲೇ ಬಣ್ಣ ಬಳಿದಿದ್ದಾರೆ: ವಸತಿಗೆ ಹಳದಿ, ಕೃಷಿಗೆ ಹಸಿರು. ಅತ್ತೆಯ ಎರಡು ಎಕರೆಯ ಅರ್ಧ ಹಳದಿಯಲ್ಲಿದೆ, ಅರ್ಧ ಹಸಿರಿನಲ್ಲಿ. ಎರಡರ ನಡುವೆ 18 ಮೀಟರ್ ಅಗಲದ ಉದ್ದೇಶಿತ ರಸ್ತೆ.

ಲೆಕ್ಕ ಹಾಕಿ. ರಸ್ತೆ ಹೊಲದೊಳಗೆ 60 ಮೀಟರ್ ಹರಿದರೆ 1,080 ಚದರ ಮೀಟರ್, ಅಂದರೆ ಹತ್ತೂವರೆ ಗುಂಟೆಗೂ ಹೆಚ್ಚು. ಎಂಬತ್ತು ಗುಂಟೆಯಲ್ಲಿ ಅಷ್ಟು ಹೋದರೆ ಹೋಗಲಿ ಎನ್ನುವಂತಿಲ್ಲ, ಬಾವಿ ಇರುವುದೇ ಆ ಹತ್ತೂವರೆಯಲ್ಲಿ. ನೀರು ಆಚೆ ಹೋದ ಮೇಲೆ ಈಚೆಗಿನ ಹಸಿರು ಬಣ್ಣಕ್ಕೆ ಏನು ಅರ್ಥ?

"ಎಂಐಡಿಸಿಯವ್ರು ನೆಲ ತಗೊಂಡಾಗ ಮನಿಗೆ ನೋಟೀಸ್ ಬಂದಿತ್ತು, ನಿಮ್ಮ ಮಾಮಾನ ಹೆಸರಿಲೆ. ಈ ಸಲ ಒಂದು ಕಾಗದಾನೂ ಬರಲಿಲ್ಲ."

ಅತ್ತೆ ಕಾನೂನು ಓದಿದವರಲ್ಲ, ಆದರೂ ವಿಷಯದ ತಿರುಳನ್ನು ಹಿಡಿದಿದ್ದಾರೆ. ಚಾಕಣದ ಜನಕ್ಕೆ ಭೂಸ್ವಾಧೀನ ಹೊಸದಲ್ಲ. ಎಂಐಡಿಸಿಯ, ಅಂದರೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಕೈಗಾರಿಕಾ ಪ್ರದೇಶ ಹಂತಹಂತವಾಗಿ ಬೆಳೆಯಿತು, 2009ರಲ್ಲಿ ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಕಾರ್ಖಾನೆಗಳೂ ಬಂದವು. ಆಗ ನೆಲ ಹೋದವರಿಗೆ ಸಿಟ್ಟಿತ್ತು, ದರದ ಜಗಳವಿತ್ತು, ಆದರೆ ಖಾತೆದಾರರ ಹೆಸರಿಗೆ ನೋಟೀಸು ಬರುತ್ತಿತ್ತು. ಯೋಜನಾ ನಕ್ಷೆಯ ಗೆರೆ ಹಾಗೆ ಬರುವುದಿಲ್ಲ. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, 1966ರ ಕಲಂ 26 ಕೇಳುವುದು ರಾಜಪತ್ರದಲ್ಲೂ ಪತ್ರಿಕೆಯಲ್ಲೂ ಸಾರ್ವಜನಿಕ ಸೂಚನೆ, ಆಕ್ಷೇಪಣೆಗೆ 30 ದಿನ, ಇಷ್ಟೇ. ರಾಜಪತ್ರ ಸೋಯಾಬೀನ್ ಹೊಲಕ್ಕೆ ಬರುವುದಿಲ್ಲ. ಗೆರೆ ನಿಮ್ಮ ಹೊಲವನ್ನು ಸೀಳಿದೆ ಎಂದು ಊರಿನ ಯಾರೋ ಫೋನ್ ಮಾಡಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಮೊದಲ ಕೆಲಸ ಕಾಗದ ಕೂಡಿಸುವುದು. ತಲಾಠಿ ಕಚೇರಿಯಲ್ಲಿ ಸಾತ್‌ಬಾರಾ ಉತಾರ ತೆಗೆಸುತ್ತೀರಿ. ನಮ್ಮ ಕಡೆ ಪಹಣಿ ಎನ್ನುತ್ತೇವಲ್ಲ, ಅದೇ. ಬಾವಿ ಅದರಲ್ಲಿ ದಾಖಲಾಗಿದೆಯೇ ನೋಡುತ್ತೀರಿ. ಆಗಿದೆ, ಸಮಾಧಾನ. ಆಮೇಲೆ ತಾಲ್ಲೂಕು ಕೇಂದ್ರ ರಾಜಗುರುನಗರದ ಭೂದಾಖಲೆ ಕಚೇರಿಯಲ್ಲಿ ಗಟ್ ನಕ್ಷೆಯ ನಕಲು ಕೇಳುತ್ತೀರಿ, ಹದ್ದು ಕಾಯಂ ಮಾಡುವ ಮೋಜಣಿಗೂ ಅರ್ಜಿ ಕೊಡುತ್ತೀರಿ. ಮೋಜಣಿಯ ಸರದಿ ಬರಲು 30 ದಿನಕ್ಕಿಂತ ಹೆಚ್ಚು ಬೇಕು ಎಂದು ಅಲ್ಲಿ ಗೊತ್ತಾಗುತ್ತದೆ. ಕೈ ಚೆಲ್ಲಬೇಡಿ. ಆಕ್ಷೇಪಣೆಯನ್ನು ಮೊದಲು ಕೊಟ್ಟುಬಿಡಿ, ಅಳತೆಯ ನಕ್ಷೆಯನ್ನು ವಿಚಾರಣೆಯ ದಿನ ಹಾಜರುಪಡಿಸುತ್ತೇವೆ ಎಂದು ಅದರಲ್ಲೇ ಬರೆಯಿರಿ.

ರಾತ್ರಿ ಅತ್ತೆಯ ಮನೆಯ ಬಲ್ಬಿನ ಕೆಳಗೆ ಆ ಅರ್ಜಿ ಬರೆಯಲು ಕೂತಿದ್ದೀರಿ. ಪಕ್ಕದ ಹೊಲದವರು ತಮ್ಮದನ್ನು ತೋರಿಸುತ್ತಾರೆ: 'ನಮಗೆ ಅನ್ಯಾಯವಾಗಿದೆ, ದಯವಿಟ್ಟು ರದ್ದುಪಡಿಸಿ.' ಒಂದೇ ಒಕ್ಕಣೆಯ ಜೆರಾಕ್ಸ್, ಊರಿಗೆಲ್ಲ ಹಂಚಿದ್ದು. ಅವರ ನೋವು ನಿಜ. ಆದರೆ ಅನ್ಯಾಯ ಎಂಬ ಮಾತನ್ನು ನಕ್ಷೆಯ ಮೇಲೆ ಇಟ್ಟು ನೋಡಲು ಅಧಿಕಾರಿಗೆ ಬರುವುದಿಲ್ಲ, ಮೀಟರನ್ನು ಇಟ್ಟು ನೋಡಬಹುದು. ಆದ್ದರಿಂದ ನೀವು ಗಟ್ ನಂಬರ್, ಕ್ಷೇತ್ರ, ಗಟ್‌ನ ಮೂಲೆಯಿಂದ ಬಾವಿಗೆ ಇರುವ ದೂರ ಬರೆಯುತ್ತೀರಿ. ಹಳೆಯ ಗ್ರಾಮ ನಕ್ಷೆಯಲ್ಲಿ ಗಾಡಿ ಹೋಗುವ ಪಾಣಂದ್ ರಸ್ತೆಯೊಂದು ಅತ್ತೆಯ ಹೊಲದ ಆಚೆ ಹಾದಿದೆ. ಊರಿನ ದನಕರು, ಟ್ರ್ಯಾಕ್ಟರ್ ಇಂದಿಗೂ ಅದರಲ್ಲೇ ಹೋಗುತ್ತವೆ. ಹೊಸ ರಸ್ತೆಯನ್ನು ಅದರ ಗುಂಟ ಅಗಲ ಮಾಡಿದರೆ ಬಾವಿ ಉಳಿಯುತ್ತದೆ, ಯಾರ ಹೊಲವೂ ನಟ್ಟನಡುವೆ ಸೀಳಿಹೋಗುವುದಿಲ್ಲ. ಇದನ್ನೂ ಬರೆದು ಆ ನಕ್ಷೆಯ ನಕಲು ಲಗತ್ತಿಸುತ್ತೀರಿ. ಗೆರೆ ಬೇಡ ಎನ್ನುವವರಿಗಿಂತ ಗೆರೆ ಎಲ್ಲಿ ಇರಲಿ ಎಂದು ತೋರಿಸುವವರ ಅರ್ಜಿಗೆ ತೂಕ ಹೆಚ್ಚು.

ಮೋಜಣಿಯ ದಿನ ಬಂತು. ಭೂಮಾಪಕರು ಕೋಲಿನ ತುದಿಗೆ ಅಳತೆಯ ರೋವರ್ ಯಂತ್ರ ಸಿಕ್ಕಿಸಿಕೊಂಡು ಬದುವಿನ ಮೇಲೆ ನಡೆಯುತ್ತಾರೆ. ಹಿಂದೆ ಅತ್ತೆ, ಅವರ ಹಿಂದೆ ನೋಟೀಸು ಸಿಕ್ಕಿ ಬಂದ ಅಕ್ಕಪಕ್ಕದ ಹೊಲದವರು. ಒಂದು ಮೂಲೆಯಲ್ಲಿ ಹದ್ದಿನ ಕಲ್ಲು ಬೇಲಿಯ ಜಾಲಿಗಿಡದೊಳಗೆ ಮುಚ್ಚಿಹೋಗಿದೆ. ಕುಡುಗೋಲಿನಿಂದ ಮುಳ್ಳು ಸವರಿ ಅದನ್ನು ಬಯಲಿಗೆ ತಂದಾಗ ಅತ್ತೆ, "ಇದನ್ನ ನಿಮ್ಮ ಮಾಮಾನ ಅಪ್ಪ ಹುಗಿದಿದ್ದು" ಎನ್ನುತ್ತಾರೆ. ಕೆಲವು ದಿನಗಳ ಮೇಲೆ ಮೋಜಣಿ ನಕ್ಷೆಯ 'ಕ' ಪ್ರತಿ ನಿಮ್ಮ ಕೈಗೆ ಬರುತ್ತದೆ. ಹದ್ದು ಎಲ್ಲಿ, ಬಾವಿ ಎಲ್ಲಿ, ಮರ ಎಲ್ಲಿ, ಎಲ್ಲ ಅದರಲ್ಲಿದೆ.

ಈ ಹಾಳೆಯನ್ನು ಕರಡು ನಕ್ಷೆಯ ಪಕ್ಕದಲ್ಲಿಡಿ. ಒಂದಕ್ಕೆ ಹತ್ತು ಸಾವಿರದ ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಹತ್ತು ಮೀಟರ್ ಆಗುತ್ತದೆ. ಪೆನ್ನಿನ ದಪ್ಪದಲ್ಲೇ ಒಂದು ಬಾವಿ ಮುಳುಗಿಬಿಡಬಹುದು. ಹೊಲಕ್ಕೆ ಬಾರದೆ ಗೆರೆ ಎಳೆದರೆ ಆಗುವುದು ಇದೇ.

ವಿಚಾರಣೆ 2022ರಲ್ಲಿ ನಡೆಯುತ್ತದೆ. ಸಭಾಂಗಣದ ಹೊರಗೆ ಧೋತರ, ಗಾಂಧಿ ಟೋಪಿ, ಪ್ಲಾಸ್ಟಿಕ್ ಚೀಲದೊಳಗೆ ಮಡಚಿದ ಉತಾರಗಳು. ಕರಡಿನ ಮೇಲೆ ಬಂದ ಆಕ್ಷೇಪಣೆಗಳು ಸುಮಾರು 67,000. ತಲಾ ಐದು ನಿಮಿಷ ಕೊಟ್ಟರೂ ದಿನಕ್ಕೆ ಎಂಟು ತಾಸಿನಂತೆ ಸುಮಾರು 700 ದಿನ ಬೇಕು. ನಿಮ್ಮ ಸರದಿ ಬಂದಾಗ ಅತ್ತೆ ಮಾತಾಡಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ನೀವು 'ಕ' ಪ್ರತಿ ಬಿಡಿಸಿ ಮೇಜಿನ ಮೇಲೆ ಇಡುತ್ತೀರಿ, ಬಾವಿಯ ಮೇಲೆ ಬೆರಳಿಡುತ್ತೀರಿ, ಪಾಣಂದ್ ರಸ್ತೆಯ ಮೇಲೆ ಇನ್ನೊಂದು ಬೆರಳು. ಎದುರಿಗಿದ್ದವರು ಕನ್ನಡಕ ಏರಿಸಿ ನಕ್ಷೆಯತ್ತ ಬಗ್ಗುತ್ತಾರೆ, ಏನೋ ಗುರುತು ಹಾಕಿಕೊಳ್ಳುತ್ತಾರೆ. ಮುಂದಿನವರನ್ನು ಕೂಗುತ್ತಾರೆ.

ಆಕ್ಷೇಪಣೆ ಒಪ್ಪದಿದ್ದರೆ? ಕಾಯ್ದೆಯಲ್ಲೇ ಒಂದು ದಾರಿ ಇದೆ, ಬಹಳ ದೂರದ ದಾರಿ. ರಸ್ತೆಗೋ ಶಾಲೆಗೋ ಮೀಸಲಿಟ್ಟ ನೆಲವನ್ನು ಅಂತಿಮ ಯೋಜನೆ ಜಾರಿಯಾದ ಹತ್ತು ವರ್ಷದೊಳಗೆ ತೆಗೆದುಕೊಳ್ಳದಿದ್ದರೆ ಕಲಂ 127ರಡಿ ಮಾಲೀಕರು ನೋಟೀಸು ಕೊಡಬಹುದು. ಆಮೇಲೆ 24 ತಿಂಗಳು ಕಾದು, ಸ್ವಾಧೀನದ ಕ್ರಮ ಶುರುವಾಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಬರೀ ಠರಾವು, ಪತ್ರವ್ಯವಹಾರ ಕ್ರಮವಲ್ಲ ಎಂದು ಸುಪ್ರೀಂ ಕೋರ್ಟ್ 2007ರ ಗಿರ್ನಾರ್ ಟ್ರೇಡರ್ಸ್ ತೀರ್ಪಿನಲ್ಲಿ ಹೇಳಿತು, 2013ರಲ್ಲಿ ಶ್ರೀರಾಂಪುರ ನಗರಪರಿಷತ್ತಿನ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಅರವತ್ತು ದಾಟಿದ ಅತ್ತೆಗೆ ಹನ್ನೆರಡು ವರ್ಷ ಕಾಯಿರಿ ಎಂದು ಹೇಳುವುದು ಪರಿಹಾರವಲ್ಲ. ಅದಕ್ಕೇ 30 ದಿನದ ಆ ಮೊದಲ ಅರ್ಜಿ ಇಷ್ಟು ದೊಡ್ಡದು.

2025ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಕರಡು ಯೋಜನೆಯನ್ನೇ ರದ್ದುಮಾಡಿತು. ಗೆರೆ ಹೋಯಿತು, ನಗರ ಬೆಳೆಯುವುದು ನಿಲ್ಲಲಿಲ್ಲ. ಇನ್ನೊಂದು ನಕ್ಷೆ ಬಂದೇ ಬರುತ್ತದೆ. ಬರಲಿ. ಚಾಕಣಕ್ಕೆ ರಸ್ತೆ ಬೇಕು, ತಳೇಗಾವ್ ಚೌಕದಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರು ಯಾರೂ ಇದನ್ನು ಅಲ್ಲಗಳೆಯಲಾರರು. ನಾನು ಕೇಳುವುದು ಒಂದನ್ನೇ: ಗೆರೆ ಯಾವ ಗಟ್ಟನ್ನು ಸೀಳುತ್ತದೋ ಅದರ ಖಾತೆದಾರರ ಹೆಸರಿಗೆ, ಅವರ ಮನೆಯ ವಿಳಾಸಕ್ಕೆ ನೋಟೀಸು ಹೋಗಲಿ. ಖಾತೆದಾರರ ಹೆಸರೆಲ್ಲ ಸರ್ಕಾರದ ಕಂಪ್ಯೂಟರಿನಲ್ಲೇ ಇದೆ. 2024ರ ಮೇ ತಿಂಗಳಲ್ಲಿ ಕೋಲ್ಕತಾ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 300-ಎ ವಿಧಿಯ ಆಸ್ತಿಯ ಹಕ್ಕಿನೊಳಗೆ ಏಳು ಹಕ್ಕುಗಳಿವೆ ಎಂದು ಎಣಿಸಿತು. ಅದರಲ್ಲಿ ಮೊದಲನೆಯದೇ ನೋಟೀಸಿನ ಹಕ್ಕು. ಆಸ್ತಿ ಕಿತ್ತುಕೊಳ್ಳುವಾಗ ಬೇಕಾದ ಸೌಜನ್ಯ, ಕಿತ್ತುಕೊಳ್ಳಲು ಗುರುತು ಹಾಕುವಾಗ ಏಕೆ ಬೇಡ?

ಕರ್ನಾಟಕದಲ್ಲಿರುವವರಿಗೂ ಈ ಮಾತು ಸಲ್ಲುತ್ತದೆ. 2017ರ ನವೆಂಬರಿನಲ್ಲಿ ಬೆಂಗಳೂರಿನ 2031ರ ಕರಡು ಮಹಾಯೋಜನೆ ಹೊರಬಿದ್ದು, ಸಾವಿರಾರು ಆಕ್ಷೇಪಣೆ ಕಂಡು, 2020ರಲ್ಲಿ ವಾಪಸಾಯಿತು. ನಿಮ್ಮ ಊರಿನ ಸುತ್ತ ಮುಂದಿನ ಕರಡು ಬಂದಾಗ ಪತ್ರಿಕೆಯ ಜಾಹೀರಾತನ್ನು ಮಡಚಿಡಬೇಡಿ. ಕಚೇರಿಗೆ ಹೋಗಿ ನಿಮ್ಮ ಸರ್ವೆ ನಂಬರ್ ಹುಡುಕಿ, ಓದು ಬಾರದ ನೆರೆಯವರದ್ದನ್ನೂ ಹುಡುಕಿ. ಗೆರೆ ಹಾದಿದ್ದರೆ ಗಡುವಿನೊಳಗೆ ಅಳತೆ ಸಮೇತ ಬರೆದುಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಮನೆಗೆ ಬನ್ನಿ.